ಎನ್‌ಎಂಸಿ ವಾರ್ಷಿಕ ಘೋಷಣೆಗೆ ಸರ್ಜರಿ ವಿಭಾಗದ ಪಿಜಿ ದಾಖಲೆಗಳನ್ನು ಎಲ್ಲಿಂದ ಶುರು ಮಾಡಬೇಕು?

ಖಾಸಗಿ ಕಾಲೇಜಿನ ಜನರಲ್ ಸರ್ಜರಿ ವಿಭಾಗಕ್ಕೆ ಹೊಸದಾಗಿ ಪಿಜಿ (ಸ್ನಾತಕೋತ್ತರ) ಕೋಆರ್ಡಿನೇಟರ್ ಆಗಿದ್ದೀರಿ, ಎನ್‌ಎಂಸಿಗೆ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಲೇಜು ಸಲ್ಲಿಸುವ ವಾರ್ಷಿಕ ಘೋಷಣೆಗೆ ಅಂಕಿಅಂಶ ಕೊಡಿ ಅಂತ ಪ್ರಿನ್ಸಿಪಾಲರ ಕಚೇರಿಯಿಂದ ಪತ್ರ ಬಂದಿದೆ, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀರಿ. ಫಾರ್ಮ್ ಆಮೇಲೆ ನೋಡೋಣ. ಮೊದಲು ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ತರಿಸಿಕೊಳ್ಳಿ.

ಅದರಿಂದ ವರ್ಷದ ಪಿತ್ತಕೋಶದ ಆಪರೇಷನ್‌ಗಳನ್ನಷ್ಟೇ ಎಣಿಸಿ, ಪೆಥಾಲಜಿಯ ಹಿಸ್ಟೋಪೆಥಾಲಜಿ (ತೆಗೆದ ಅಂಗಾಂಶದ ಪರೀಕ್ಷೆ) ರಿಜಿಸ್ಟರ್ ಪಕ್ಕದಲ್ಲಿಡಿ. ಓಟಿಯಲ್ಲಿ 84 ಇದ್ದು ಅಲ್ಲಿ 61 ಇದ್ದರೆ, ಒಂದೋ ಸ್ಪೆಸಿಮೆನ್ ಕಳಿಸಿಲ್ಲ, ಇಲ್ಲವೇ ಆಗದ ಕೇಸು ಓಟಿ ಪುಸ್ತಕದಲ್ಲಿ ಕೂತಿದೆ. ಎರಡಕ್ಕೂ ಉತ್ತರ ಕೊಡಬೇಕಾದವರು ನೀವೇ. ಪರಿಶೀಲನೆಗೆ ಬರುವವರೂ ಬೇರೆ ಬೇರೆ ವಿಭಾಗದ ಪುಸ್ತಕಗಳನ್ನು ಹೀಗೆಯೇ ಒಂದಕ್ಕೊಂದು ತಾಳೆ ಹಾಕುತ್ತಾರೆ. ಒಂದೊಂದು ಪುಸ್ತಕವೂ ಬಿಡಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಜೋಡಿಸಿದಾಗಲೇ ಬಣ್ಣ ಬಯಲಾಗುವುದು.

ಆಮೇಲೆ ಇ-ಲಾಗ್‌ಬುಕ್, ಅಂದರೆ ಪಿಜಿ ತಾನು ಮಾಡಿದ ಕೆಲಸವನ್ನು ಬರೆದಿಡುವ ಆನ್‌ಲೈನ್ ದಾಖಲೆ. 2023ರ ಪಿಜಿ ನಿಯಮದಂತೆ ವಿದ್ಯಾರ್ಥಿ ವಾರವಾರ ತುಂಬಬೇಕು, ಗೈಡ್ ತಿಂಗಳಿಗೊಮ್ಮೆ ನೋಡಿ ದೃಢೀಕರಿಸಬೇಕು. ಪ್ರತಿ ಪಿಜಿಯ ಲಾಗ್‌ನಿಂದ ಕಣ್ಣುಮುಚ್ಚಿ 15 ನಮೂದು ಆರಿಸಿ, ಐಪಿ ನಂಬರ್ (ಒಳರೋಗಿ ಸಂಖ್ಯೆ) ಹಿಡಿದು ಎಂಆರ್‌ಡಿಯಿಂದ (ವೈದ್ಯಕೀಯ ದಾಖಲೆಗಳ ವಿಭಾಗ) ಕೇಸ್‌ಶೀಟ್ ತರಿಸಿ, ಆಪರೇಷನ್ ನೋಟ್ಸ್‌ನಲ್ಲಿ ಅವರ ಹೆಸರಿದೆಯೇ ನೋಡಿ. ಪದೇಪದೇ ಆಗುವ ತಪ್ಪು ಇದು: ಒಂದೇ ಹರ್ನಿಯಾವನ್ನು ಮೂವರು ಪಿಜಿಗಳೂ 'ನಾನೇ ಮಾಡಿದ್ದು' ಅಂತ ಬರೆದುಕೊಂಡಿರುತ್ತಾರೆ. ಎಲ್ಲರ ಲಾಗ್ ಕೂಡಿಸಿದರೆ ವಿಭಾಗದಲ್ಲಿ ಆದದ್ದಕ್ಕಿಂತ ಹೆಚ್ಚು ಆಪರೇಷನ್! 'ನೋಡಿದ್ದು', 'ಅಸಿಸ್ಟ್ ಮಾಡಿದ್ದು', 'ಮೇಲ್ವಿಚಾರಣೆಯಲ್ಲಿ ಮಾಡಿದ್ದು', 'ಸ್ವತಂತ್ರವಾಗಿ ಮಾಡಿದ್ದು' ಅಂತ ಮೊದಲ ವರ್ಷವೇ ವಿಂಗಡಿಸಿ ಬರೆಸಿ. ಆರು ತಿಂಗಳ ನಮೂದುಗಳಿಗೆ ಗೈಡ್ ಒಂದೇ ರಾತ್ರಿ ಒಪ್ಪಿಗೆ ಒತ್ತಿದ್ದರೆ ಅದನ್ನು ದೃಢೀಕರಣ ಅಂತ ನಾನಂತೂ ಕರೆಯುವುದಿಲ್ಲ.

ಬೆಡ್ ಭರ್ತಿಯ ಲೆಕ್ಕ ಸರಳ. 40 ಬೆಡ್‌ಗೆ 365 ದಿನ ಅಂದರೆ 14,600 ಬೆಡ್-ದಿನ. ಪ್ರತಿ ಮಧ್ಯರಾತ್ರಿಯ ಸೆನ್ಸಸ್ (ಆ ಹೊತ್ತಿಗೆ ಬೆಡ್‌ನಲ್ಲಿರುವ ರೋಗಿಗಳ ಎಣಿಕೆ) ಕೂಡಿಸಿದಾಗ 11,680 ಬಂದರೆ ಶೇ. 80. ಡೇಕೇರ್ (ಬಂದ ದಿನವೇ ಮನೆಗೆ ಹೋಗುವ) ರೋಗಿಗಳನ್ನು ಇದರಲ್ಲಿ ಸೇರಿಸಬೇಡಿ. ಮನೆಗೆ ಹೋದವರ ಡಿಸ್ಚಾರ್ಜ್ ಸಾಫ್ಟ್‌ವೇರ್‌ನಲ್ಲಿ ಮುಚ್ಚದೆ ಉಳಿದಿದ್ದರೆ ಶೇಕಡಾವಾರು ಸುಮ್ಮನೆ ಉಬ್ಬುತ್ತದೆ. ಯಾವುದೋ ತಿಂಗಳು ನೂರು ದಾಟಿದೆಯೆಂದರೆ ಮೊದಲ ಅನುಮಾನ ಇದರ ಮೇಲಿರಲಿ.

ಹಾಜರಾತಿ ಪಿಜಿಗಳಿಗೆ ಶೇ. 80. ವರ್ಷಕ್ಕೆ 20 ದಿನ ಸಿಎಲ್ (ಸಾಂದರ್ಭಿಕ ರಜೆ), 5 ದಿನ ಅಕಾಡೆಮಿಕ್ ರಜೆ, ವಾರಕ್ಕೊಂದು ರಜೆ. ತೊಡಕಾಗುವುದು ಡಿಆರ್‌ಪಿಯಲ್ಲಿ (ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ, ಪಿಜಿಗಳ ಜಿಲ್ಲಾ ಆಸ್ಪತ್ರೆ ನಿಯೋಜನೆ). 3, 4 ಅಥವಾ 5ನೇ ಸೆಮಿಸ್ಟರ್‌ನಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿದ್ದವರು ಕಾಲೇಜಿನ ಪಟ್ಟಿಯಲ್ಲಿ ಗೈರಾಗಿ ಕಾಣಬಹುದು. ನಿಯೋಜನೆ ಆದೇಶ, ಅಲ್ಲಿ ವರದಿ ಮಾಡಿಕೊಂಡ ಪತ್ರ, ಅಲ್ಲಿನ ಕೋಆರ್ಡಿನೇಟರ್ ಕೊಟ್ಟ ಪ್ರಮಾಣಪತ್ರ, ಮೂರನ್ನೂ ಆಯಾ ಪಿಜಿಯ ಫೈಲಿಗೆ ಹಾಕಿಡಿ. ಡಿಆರ್‌ಪಿ ತೃಪ್ತಿಕರವಾಗಿ ಮುಗಿಯದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ.

ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್, ಎಥಿಕ್ಸ್, ಬಿಸಿಎಲ್‌ಎಸ್-ಎಸಿಎಲ್‌ಎಸ್ (ಹೃದಯ ನಿಂತಾಗ ಜೀವ ಉಳಿಸುವ ತರಬೇತಿ) ಪ್ರಮಾಣಪತ್ರಗಳೂ ಅದೇ ಫೈಲಿನಲ್ಲಿರಲಿ. ಸ್ಟೈಪೆಂಡ್‌ಗೆ ಬ್ಯಾಂಕ್ ಸ್ಟೇಟ್‌ಮೆಂಟೇ ದಾಖಲೆ. ಅಕೌಂಟ್ಸ್‌ನವರ ಪಟ್ಟಿ ಸಾಲದು.

ನೀವು ರಾಜೀವ್ ಗಾಂಧಿ ವಿವಿ ವ್ಯಾಪ್ತಿಯವರಾದರೆ ಎಲ್‌ಐಸಿಗೆ (ವಿಮೆಯವರಲ್ಲ, ಸ್ಥಳೀಯ ವಿಚಾರಣಾ ಸಮಿತಿ) ಕೊಟ್ಟ ಅಂಕಿಗಳ ಪ್ರತಿಯನ್ನೂ ಎದುರಿಗಿಟ್ಟುಕೊಳ್ಳಿ. ಅದೇ ವರ್ಷಕ್ಕೆ ಅಲ್ಲೊಂದು ಬೆಡ್ ಸಂಖ್ಯೆ, ಇಲ್ಲೊಂದು ಬೆಡ್ ಸಂಖ್ಯೆ ಹೋದರೆ ವಿವರಿಸುವುದು ಕಷ್ಟ.

ಅಂಕಿ ಕಡಿಮೆ ಬಂದರೆ 'ಸ್ವಲ್ಪ ಅಡ್ಜಸ್ಟ್ ಮಾಡಿ' ಅಂತ ಯಾರಾದರೂ ಹೇಳಬಹುದು. 2023ರ ಗುಣಮಟ್ಟ ಪಾಲನಾ ನಿಯಮದಡಿ ಸುಳ್ಳು ದಾಖಲೆ ಕೊಟ್ಟ ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಡೀನ್, ವೈದ್ಯರಿಗೆ ವೈಯಕ್ತಿಕವಾಗಿ 5 ಲಕ್ಷ ರೂಪಾಯಿವರೆಗೆ, ಕಾಲೇಜಿಗೆ 1 ಕೋಟಿವರೆಗೆ ದಂಡವಿದೆ. ಹಾಗಾಗಿ ಬಂದ ಅಂಕಿಯನ್ನೇ ಬರೆದು, ಕಡಿಮೆಯಾದದ್ದಕ್ಕೆ ಕಾರಣವನ್ನು ಲಿಖಿತವಾಗಿ ಎಚ್‌ಒಡಿಗೆ ಕೊಟ್ಟು, ಸ್ವೀಕೃತಿಯ ಸಹಿ ಪಡೆದು ಇಟ್ಟುಕೊಳ್ಳಿ. ಮುಂದಿನ ವರ್ಷಕ್ಕೆ ಈ ತಾಳೆಯನ್ನು ಪ್ರತಿ ತಿಂಗಳ 5ನೇ ತಾರೀಖಿಗೆ ಮಾಡಿ. ಕೇಸ್‌ಶೀಟ್ ಎಂಆರ್‌ಡಿ ಗೋದಾಮಿಗೆ ಹೋಗುವ ಮೊದಲು ಹುಡುಕುವುದು ಸುಲಭ.