ಅಂಕೋಲಾದ ಹಳೆ ಜಮೀನು ಕಾಗದದಲ್ಲಿ ಮುತ್ತಜ್ಜನ ಹೆಸರಿನ ಮುಂದೆ ‘ಉಗ್ರಾಣಿ’ ಅಂತಿದೆ. ಉಗ್ರಾಣ ನೋಡಿಕೊಳ್ಳುತ್ತಿದ್ದರಾ?

ಅದೇ ಅಂತ ಹೇಳೋಕಾಗಲ್ಲ. ನಿಘಂಟಿನಲ್ಲಿ ಆ ಅರ್ಥ ಇದೆ, ನಿಜ. ಆದರೆ ಕರಾವಳಿಯ ಕಂದಾಯ ಕಾಗದದಲ್ಲಿ ಉಗ್ರಾಣಿ ಅಂದರೆ ಸಾಮಾನ್ಯವಾಗಿ ಪಟೇಲ, ಶಾನುಭೋಗರ ಕೈಕೆಳಗಿನ ಜವಾನ. ಕಂದಾಯ ಕಟ್ಟಿ ಅಂತ ಮನೆಮನೆಗೆ ಹೇಳಿಬರುವವರು. ಅದೇ ಸಾಲಿನಲ್ಲಿ ಶಾನುಭೋಗರ ಸಹಿ ಇದೆಯಾ ನೋಡಿ. ದೇವಸ್ಥಾನದ ಲೆಕ್ಕದ ಕಾಗದವಾದರೆ ಮಾತು ಬೇರೆ, ಅಲ್ಲಿ ಅಕ್ಕಿ, ಕಾಯಿಯ ಉಗ್ರಾಣವೇ ಇರಬಹುದು.

ವರ್ಷವನ್ನೂ ಗಮನಿಸಿ. 1862ರಲ್ಲಿ ಅಂಕೋಲಾ ಇರುವ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಯಿತು, ಆಮೇಲಿನ ಕಾಗದಗಳಲ್ಲಿ ತಲಾಠಿ (ಊರಿನ ಲೆಕ್ಕಿಗ) ಎಂಬಂಥ ಮರಾಠಿ ಕಡೆಯ ಪದಗಳೂ ಸಿಗಬಹುದು.

ಅಡ್ಡಹೆಸರು ನಂಬಿ ಸುಮ್ನೆ ತೀರ್ಮಾನಿಸಬೇಡಿ. ತಾಂಡೇಲ ಅಂದರೆ ದೋಣಿಯ ಮುಖಂಡ. ಆದರೆ ಕಾರವಾರದ ತಾಂಡೇಲರೆಲ್ಲ ಈಗ ದೋಣಿ ಹತ್ತುತ್ತಾರಾ?