ಲೈಟ್ ಪೆನ್ ಕೆಟ್ಟಿಲ್ಲ, ಟಿವಿ ಬದಲಿಸಿ

ಪ್ರಶ್ನೆ: ಪ್ಯಾರಿಸ್‌ನ ಹಳೇ ಸಾಮಾನಿನ ಸಂತೆಯಲ್ಲಿ 1980ರ ದಶಕದ ಫ್ರೆಂಚ್ ಕಂಪ್ಯೂಟರ್ ಥಾಮ್ಸನ್ ಎಂಒ5 ಕೊಂಡೆ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತೆ. ಆದರೆ ಲೈಟ್ ಪೆನ್ ಪರದೆಗೆ ಒತ್ತಿದರೆ ಏನೂ ಆಗಲ್ಲ. ಹಳೇ ಕಂಪ್ಯೂಟರಿನ ಸಿಗ್ನಲ್ಲನ್ನು ಹೊಸ ಟಿವಿಗೆ ಹೊಂದಿಸುವ ಒಳ್ಳೆ ಕನ್ವರ್ಟರ್ ಹಾಕಿದರೆ ಸರಿಹೋಗುತ್ತೆ ಅಂತಾನೆ ಮಾರಿದವನು. ಯಾವುದು ತಗೊಳ್ಳಲಿ?

ಉತ್ತರ: ಯಾವುದೂ ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಂದು ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಪೆನ್ನಿನಿಂದ ಬೆಳಕು ಹೊರಡುವುದಿಲ್ಲ. ತುದಿಯಲ್ಲಿ ಬೆಳಕು ಗುರುತಿಸುವ ಪುಟ್ಟ ಸೆನ್ಸರ್ ಇದೆ, ಒತ್ತಿದರೆ ಚಿಟಕ್ ಅನ್ನುವ ಸ್ವಿಚ್ ಇದೆ, ಅಷ್ಟೇ. ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಇಡೀ ಚಿತ್ರ ಒಟ್ಟಿಗೆ ಬೆಳಗಲ್ಲ. ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತಾ ಇಳಿಯುತ್ತದೆ. ಒಂದು ಗೆರೆಗೆ 64 ಮೈಕ್ರೋಸೆಕೆಂಡ್. ಅದರಲ್ಲಿ 40 ಮೈಕ್ರೋಸೆಕೆಂಡಿನೊಳಗೆ ಎಂಒ5ರ 320 ಚುಕ್ಕಿ ಮೂಡಿ ಮುಗಿಯುತ್ತವೆ. ಕಿರಣ ಪೆನ್ನಿನ ಎದುರು ಹಾದ ಕೂಡಲೇ ಸೆನ್ಸರ್ ಸೂಚನೆ ಕೊಡುತ್ತದೆ. ಆಗ ಎಷ್ಟನೇ ಗೆರೆಯ ಎಷ್ಟನೇ ಚುಕ್ಕಿ ನಡೆಯುತ್ತಿತ್ತು ಅಂತ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಪೆನ್ನಿನ ಜಾಗ ಗೊತ್ತಾಗುವುದೇ ಈ ಸಮಯದಿಂದ.

ಎಲ್‌ಇಡಿ ಟಿವಿಯಲ್ಲಿ ಕಿರಣವೇ ಇಲ್ಲವಲ್ಲ! ಅದು ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ತೋರಿಸುತ್ತದೆ. ಕನ್ವರ್ಟರ್ ಹಾಕಿದರೆ ಇನ್ನಷ್ಟು ತಡ. 'ಲೈಟ್ ಪೆನ್ನಿಗೂ ಆಗುತ್ತೆ' ಅಂತ ಅದನ್ನು ಮಾರುವವರು ಸುಳ್ಳು ಹೇಳುತ್ತಿದ್ದಾರೆ.

ಪೆರಿಟೆಲ್ (ಸ್ಕಾರ್ಟ್) ಅನ್ನುವ ವಿಡಿಯೊ ಸಾಕೆಟ್ ಇರುವ ಟ್ಯೂಬ್ ಟಿವಿ ಹುಡುಕಿ. ಬ್ರೈಟ್‌ನೆಸ್ ಜಾಸ್ತಿ ಮಾಡಿ. ಕಂಪ್ಯೂಟರಿನಲ್ಲೇ ಇರುವ ಬೇಸಿಕ್ ಭಾಷೆಯ ಟ್ಯೂನ್ ಕಮಾಂಡ್ ಕೊಟ್ಟು ಪೆನ್ನಿನ ಗುರಿ ಹೊಂದಿಸಿ. ಕಪ್ಪು ಜಾಗದ ಮೇಲೆ ಪೆನ್ನಿಗೆ ಏನೂ ಕಾಣಲ್ಲ, ಅದು ದೋಷ ಅಲ್ಲ. ಟಿವಿಯ ಬೆನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಕಂಪ್ಯೂಟರ್ ಬೋರ್ಡಿಗೆ ಧೈರ್ಯವಾಗಿ ಕೈ ಹಾಕುವ ನಾನೂ ಟ್ಯೂಬ್ ಕೆಲಸ ಬಂದರೆ ಟಿವಿ ಮೆಕ್ಯಾನಿಕ್ಕಿಗೇ ಕೊಡುತ್ತೇನೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಪೆನ್ನು ಬಿಟ್ಟುಬಿಡಲಾ ಅಂತ ಕೇಳಬೇಡಿ. 1985ರ ಜನವರಿಯಲ್ಲಿ ಫ್ರಾನ್ಸಿನ ಆಗಿನ ಪ್ರಧಾನಿ ಲೊರಾಂ ಫಾಬಿಯುಸ್ 'ಎಲ್ಲರಿಗೂ ಕಂಪ್ಯೂಟರ್' ಯೋಜನೆ ಘೋಷಿಸಿದರು. ಅಲ್ಲಿನ ಶಾಲೆಗಳಿಗೆ ಲಕ್ಷಕ್ಕೂ ಹೆಚ್ಚು ಯಂತ್ರ ಹೋದವು, ಅವುಗಳಲ್ಲಿ ಎಂಒ5 ಕೂಡ ಇತ್ತು. ಅಕ್ಷರ ಹುಡುಕಿ ಕೀ ಒತ್ತಲು ಬಾರದ ಮಗು ಕೂಡ ಪೆನ್ನು ಹಿಡಿದು ಪರದೆ ಮುಟ್ಟಬಹುದಿತ್ತು. ಮೌಸ್ ಮನೆಮನೆಗೆ ಬರುವ ಮುಂಚಿನ ಮಾತಿದು. ಆ ಪೆನ್ನು ಮುಟ್ಟದೆ ಎಂಒ5 ನೋಡಿದರೆ ಅರ್ಧ ನೋಡಿದ ಹಾಗೆ.

ಪ್ರಶ್ನೆ: ಥಾಮ್ಸನ್‌ನದೇ ಇನ್ನೊಂದು ಕಂಪ್ಯೂಟರ್ ಟಿಒ7ರ ಪ್ರೋಗ್ರಾಂ ಕ್ಯಾಸೆಟ್ ಎಂಒ5ರಲ್ಲಿ ಲೋಡ್ ಆಗ್ತಿಲ್ಲ. ಟೇಪ್ ಪ್ಲೇಯರಿನ ಹೆಡ್ ಎಷ್ಟು ಒರೆಸಲಿ?

ಉತ್ತರ: ಒರೆಸಬೇಡಿ. ಟೇಪಿನ ಮೇಲೆ ಡೇಟಾ ಬರೆಯುವ ವೇಗವೇ ಎರಡಕ್ಕೂ ಬೇರೆ, ಯಾವತ್ತೂ ಆಗಲ್ಲ.

ಪ್ರಶ್ನೆ: ಚಿತ್ರ ಬಿಡಿಸುವಾಗ ಪಕ್ಕದ ಬಣ್ಣ ಕದಡುತ್ತೆ. ರ‍್ಯಾಮ್ ಚಿಪ್ ಬದಲಿಸಬೇಕು ಅಂತಾರೆ ಒಬ್ಬರು.

ಉತ್ತರ: ಅವರ ಕೈಗೆ ಯಂತ್ರ ಕೊಡಬೇಡಿ. ಬಣ್ಣ 16 ಇದ್ದರೂ ಅಡ್ಡಕ್ಕೆ ಪ್ರತಿ 8 ಚುಕ್ಕಿಗೆ ಎರಡೇ ಬಣ್ಣ. ಯಂತ್ರ ಇರುವುದೇ ಹಾಗೆ.

ಪ್ರಶ್ನೆ: ರಬ್ಬರ್ ಕೀಗಳನ್ನು ಥಿನ್ನರ್ ಹಾಕಿ ತೊಳೆಯಬಹುದಾ?

ಉತ್ತರ: ಖಂಡಿತ ಬೇಡ. ಹಿಂಡಿದ ಒದ್ದೆ ಬಟ್ಟೆ ಸಾಕು.