ನಡೆದರೆ ಸಕ್ಕರೆ ಇಳಿಯುತ್ತದೆ, ಭಾರ ಎತ್ತಿದರೆ ಏರುತ್ತದೆ: ಏಕೆ?

ಟೈಪ್ 2 ಮಧುಮೇಹವಿರುವ ನಿಮ್ಮ ತಂದೆಯವರು ಮುಕ್ಕಾಲು ಗಂಟೆ ನಡೆದು ಬಂದಾಗ ಸಕ್ಕರೆ ಇಳಿದಿರುತ್ತದೆ, ಜಿಮ್‌ನಲ್ಲಿ ಏದುಸಿರು ಬರುವಂತೆ ಭಾರ ಎತ್ತಿದ ದಿನ ಏರಿರುತ್ತದೆ, ಗ್ಲುಕೋಮೀಟರ್ ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ಕೆಟ್ಟಿರಲಾರದು. ಹಲವು ವರ್ಷ ಶರೀರಕ್ರಿಯಾಶಾಸ್ತ್ರ ಪಾಠ ಹೇಳಿ, ಈಗ ಸ್ವತಃ ಮಧುಮೇಹಿಯಾಗಿರುವ ನನಗೂ ಆ ಅಂಕಿ ಮೊದಲ ಬಾರಿ ಕಂಡಾಗ ಕಸಿವಿಸಿಯಾಗಿತ್ತು.

ರಕ್ತದ ಗ್ಲುಕೋಸ್ ಸ್ನಾಯುಕೋಶವನ್ನು ಸೇರಬೇಕಾದರೆ ಗ್ಲೂಟ್-4 ಎಂಬ ಪ್ರೋಟೀನು ಕೋಶದ ಒಳಗಿನಿಂದ ಹೊರಪೊರೆಗೆ ಬಂದು ನಿಲ್ಲಬೇಕು. ಅದನ್ನು ಅಲ್ಲಿಗೆ ಕರೆತರುವುದು ಒಂದೋ ಇನ್ಸುಲಿನ್ನಿನ ಸಂಕೇತ, ಇಲ್ಲವೇ ಸ್ನಾಯುವಿನ ಸಂಕೋಚನ. ಟೈಪ್ 2 ಮಧುಮೇಹದಲ್ಲಿ ಮುಖ್ಯವಾಗಿ ಕೆಡುವುದು ಮೊದಲನೆಯದು. ಸ್ನಾಯುವಿನೊಳಗೆ ಶೇಖರವಾದ ಕೊಬ್ಬಿನಿಂದ ಹುಟ್ಟುವ ಕೆಲವು ವಸ್ತುಗಳು ಇನ್ಸುಲಿನ್ನಿನ ಸಂಕೇತವನ್ನು ಅರ್ಧದಾರಿಯಲ್ಲೇ ತಡೆಯುತ್ತವೆ ಎಂಬುದು ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು. ಎರಡನೆಯ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆಯಾದ್ದರಿಂದ, ನಡೆಯುವ ಕಾಲು ಇನ್ಸುಲಿನ್ನಿನ ಮುಲಾಜಿಗೆ ಕಾಯದೆ ಗ್ಲುಕೋಸನ್ನು ಎಳೆದುಕೊಳ್ಳುತ್ತದೆ.

ಭಾರ ಎತ್ತುವಾಗಲೂ ಆ ದಾರಿ ಮುಚ್ಚುವುದಿಲ್ಲ. ಸಕ್ಕರೆ ಏರಿಸುವುದು ಯಕೃತ್ತು. ಕಠಿಣ ಶ್ರಮದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕಿ, ಯಕೃತ್ತು ತನ್ನ ಗ್ಲೈಕೋಜನ್ (ಗ್ಲುಕೋಸನ್ನು ಕೂಡಿಟ್ಟ ರೂಪ) ಒಡೆದು ಸ್ನಾಯುಗಳು ಬಳಸುವುದಕ್ಕಿಂತ ವೇಗವಾಗಿ ಗ್ಲುಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಆದರೆ ಅದನ್ನು ಗ್ಲುಕೋಸ್ ಮಾಡಿ ಹೊರಬಿಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿಲ್ಲ, ಹಾಗಾಗಿ ಅದು ತನ್ನ ದಾಸ್ತಾನನ್ನು ತಾನೇ ಉರಿಸಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ವ್ಯಾಯಾಮ ನಿಂತೊಡನೆ ಇನ್ಸುಲಿನ್ ಹೆಚ್ಚಿ ಹೆಚ್ಚುವರಿ ಸಕ್ಕರೆಯನ್ನು ಒಳಗೆ ಕಳಿಸುತ್ತದೆ. ನಮ್ಮಂಥವರಲ್ಲಿ ಆ ಏರಿಕೆ ಸಾಲದು, ಆದ್ದರಿಂದ ಅಂಕಿ ಒಂದೆರಡು ಗಂಟೆ ಮೇಲೆಯೇ ಉಳಿಯಬಹುದು.

ಹಾಗೆಂದು ಭಾರ ಎತ್ತುವುದನ್ನು ಬಿಡಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಬರಿದಾದ ಸ್ನಾಯು ಗ್ಲೈಕೋಜನ್ ತುಂಬಿಕೊಳ್ಳುವ ಮುಂದಿನ 24ರಿಂದ 48 ಗಂಟೆಗಳಲ್ಲಿ ಇನ್ಸುಲಿನ್ನಿಗೆ ಹೆಚ್ಚು ಸ್ಪಂದಿಸುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ತಪ್ಪಿಸಬಾರದು ಎಂಬ ಸಲಹೆ ಹುಟ್ಟಿದ್ದೂ ಇದರಿಂದಲೇ. ಊಟದ ನಂತರ ಸಕ್ಕರೆಯ ದೊಡ್ಡ ಪಾಲು ಸೇರುವುದು ಸ್ನಾಯುಗಳಿಗೆ, ಅವು ಬೆಳೆದರೆ ಜಾಗವೂ ಹೆಚ್ಚುತ್ತದೆ. (ಜಿಮ್ ಮುಗಿಸಿ ಹತ್ತು ನಿಮಿಷ ನಿಧಾನವಾಗಿ ನಡೆದರೆ ನನ್ನ ಅಂಕಿ ಬೇಗ ತಗ್ಗುತ್ತದೆ, ಅವರೂ ಪ್ರಯತ್ನಿಸಬಹುದು.)

ತಂದೆಯವರು ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಅಪಾಯಕರವಾಗಿ ಇಳಿಯುವ ಸಂಭವ ಕಡಿಮೆ. ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಚುಚ್ಚುಮದ್ದು ಇದ್ದರೆ, ಸಂಜೆ ಏರಿದ್ದ ಸಕ್ಕರೆಯೇ ರಾತ್ರಿ ನಿದ್ದೆಯಲ್ಲಿ 70 mg/dLಗಿಂತ ಕೆಳಗೆ ಜಾರಬಹುದು. ಆದ್ದರಿಂದ ವ್ಯಾಯಾಮದ ನಂತರದ ಅಂಕಿ ನೋಡಿ ಗಾಬರಿಯಿಂದ ಹೆಚ್ಚುವರಿ ಮಾತ್ರೆ ನುಂಗಿಸಬೇಡಿ. ಮಲಗುವ ಮುನ್ನ ಮತ್ತೊಮ್ಮೆ ಪರೀಕ್ಷಿಸಿ, ಎರಡು ವಾರದ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.